ಜಾಮೀನು ಸಿಕ್ಕಿತೆಂದರೆ ಶಾಸಕ ಸ್ಥಾನ ಉಳಿಯಿತೆಂದಲ್ಲ

ಮಾನ್ಯರೇ,

ಯಾವುದಾದರೂ ಶಾಸಕರಿಗೆ ಶಿಕ್ಷೆಯಾದ ದಿನ ಕಲಬುರಗಿಯ ಜಗತ್ ವೃತ್ತದ ಚಹಾದಂಗಡಿಗಳಲ್ಲಿ ಸೀಟು ಹೋಯಿತೆಂದೇ ಮಾತು. ವಾರದೊಳಗೆ ಮೇಲಿನ ನ್ಯಾಯಾಲಯದಲ್ಲಿ ಜಾಮೀನಾದರೆ, ‘ಬೇಲ್ ಸಿಕ್ಕದ ಅಂದ್ರ ಸೀಟ್ ಉಳೀತು ತಗೀರಿ’ ಎಂದು ಅಲ್ಲೇ ತೀರ್ಪಾಗುತ್ತದೆ. ಮೊದಲ ಮಾತು ಬಹುಪಾಲು ಸರಿ, ಎರಡನೆಯದು ತಪ್ಪು. ಅಂಗಡಿಯವರನ್ನು ದೂರುವಂತಿಲ್ಲ. ‘ಶಾಸಕರಿಗೆ ರಿಲೀಫ್’ ಎಂಬ ನಮ್ಮ ಪತ್ರಿಕೆಗಳ ತಲೆಬರಹ ಓದಿದವರು ಇನ್ನೇನು ತಿಳಿದಾರು? ಯಾವ ರಿಲೀಫ್ ಎಂಬುದು ಸುದ್ದಿಯ ಒಳಗೂ ಇರುವುದಿಲ್ಲ.

ಶಿಕ್ಷೆಗೊಳಗಾದ ಜನಪ್ರತಿನಿಧಿ ಮೇಲ್ಮನವಿಯ ಜೊತೆಗೆ ಸಾಮಾನ್ಯವಾಗಿ ಎರಡು ಬೇಡಿಕೆ ಇಡುತ್ತಾರೆ. ಒಂದು, ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂಬುದು. ಇನ್ನೊಂದು, ದೋಷಿ ಎಂದು ಹೇಳಿದ ತೀರ್ಪಿಗೇ ತಡೆ ಕೊಡಿ ಎಂಬುದು. ಹಿಂದೆ ಇವೆರಡೂ ದಂಡ ಪ್ರಕ್ರಿಯಾ ಸಂಹಿತೆಯ 389ನೇ ಸೆಕ್ಷನ್ ಅಡಿ ಬರುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 430ನೇ ಸೆಕ್ಷನ್. ಮೊದಲ ಬೇಡಿಕೆ ಈಡೇರಿದರೆ ಮನುಷ್ಯ ಜೈಲಿನಿಂದ ಹೊರಬರುತ್ತಾನೆ, ಅಷ್ಟೇ. ಸೀಟು ಕಳೆಯುವ ಅನರ್ಹತೆ ತಾಗಿರುವುದು ದೋಷಿ ಎಂಬ ತೀರ್ಪಿಗೆ. ಆ ತೀರ್ಪಿಗೆ ತಡೆ ಬೀಳುವ ತನಕ ಅದು ಕದಲುವುದಿಲ್ಲ. ಮೇಲ್ಮನವಿ ಬಾಕಿ ಇರುವಾಗ ಶಿಕ್ಷೆ ಅಮಾನತಾಗುವುದು ಅಪರೂಪವಲ್ಲ. ತೀರ್ಪಿಗೆ ತಡೆ ಹಾಗಲ್ಲ. ತಡೆ ಕೊಡದಿದ್ದರೆ ಮುಂದೆ ಖುಲಾಸೆಯಾದರೂ ಸರಿಪಡಿಸಲಾಗದ ನಷ್ಟವೇನು ಎಂಬುದನ್ನು ಅರ್ಜಿದಾರರೇ ಬಿಡಿಸಿ ತೋರಿಸಬೇಕು, ನ್ಯಾಯಾಲಯವೂ ಕಾರಣ ಬರೆದೇ ಕೊಡಬೇಕು.

ಇದಕ್ಕೆ ಉದಾಹರಣೆ ನಮ್ಮ ಪಕ್ಕದ ಇಂಡಿ ಕ್ಷೇತ್ರದಲ್ಲೇ ಇದೆ. ಅಲ್ಲಿನ ಪಕ್ಷೇತರ ಶಾಸಕ ರವಿಕಾಂತ ಪಾಟೀಲರನ್ನು ಸೊಲ್ಲಾಪುರದ ಸೆಷನ್ಸ್ ನ್ಯಾಯಾಲಯ ದೋಷಿ ಎಂದಿತ್ತು. 2004ರ ಚುನಾವಣೆಗೆ ಮುನ್ನ ಬಾಂಬೆ ಹೈಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅವರು ನಿಂತು ಗೆದ್ದರು. ಎದುರಾಳಿ ತಕರಾರು ತೆಗೆದು, ಕರ್ನಾಟಕ ಹೈಕೋರ್ಟ್‌ನಲ್ಲಿ ಆಯ್ಕೆಯೇ ಅಸಿಂಧುವಾಯಿತು. 2006ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ದೋಷಿ ತೀರ್ಪಿಗೆ ತಡೆ ಇರುವಷ್ಟು ಕಾಲ ಅನರ್ಹತೆ ಜಾರಿಯಲ್ಲಿರುವುದಿಲ್ಲ, ಬರೀ ಶಿಕ್ಷೆ ಅಮಾನತಾದರೆ ಈ ಲಾಭವಿಲ್ಲ ಎಂದು ಬಿಡಿಸಿ ಹೇಳಿತು. ದೇಶದ ಎಲ್ಲ ನ್ಯಾಯಾಲಯಗಳಲ್ಲೂ ಇಂದಿಗೆ ಉಲ್ಲೇಖವಾಗುವ ತೀರ್ಪಿದು. ಭೀಮಾ ನದಿಯ ಈಚೆ ದಡದ ನಮಗೇ ಅದರ ನೆನಪಿಲ್ಲ.

ಆ ಕಾಲಕ್ಕೆ ಹಾಲಿ ಶಾಸಕರಿಗೆ ಇನ್ನೊಂದು ರಕ್ಷಣೆ ಇತ್ತು. ಜನಪ್ರತಿನಿಧಿ ಕಾಯ್ದೆಯ 8(4)ನೇ ಉಪಸೆಕ್ಷನ್ ಪ್ರಕಾರ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಅದು ಮುಗಿಯುವವರೆಗೆ ಸೀಟಿಗೆ ಧಕ್ಕೆ ಇರಲಿಲ್ಲ. ಮೇಲ್ಮನವಿ ಮುಗಿಯುವುದರೊಳಗೆ ಅವಧಿಯೇ ಮುಗಿದರೂ ಆಶ್ಚರ್ಯವಿರಲಿಲ್ಲ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಉಪಸೆಕ್ಷನ್ ಅನ್ನು ಕಿತ್ತುಹಾಕಿತು. ಈಗ ಗಡುವೂ ಇಲ್ಲ, ವಿನಾಯಿತಿಯೂ ಇಲ್ಲ. ತೀರ್ಪು ಬಂದ ದಿನದಿಂದಲೇ ಅನರ್ಹತೆ.

ಗಂಗಾವತಿಯ ಪ್ರಕರಣದಲ್ಲಿ ಇಡೀ ಯಂತ್ರ ಹೇಗೆ ಓಡುತ್ತದೆಂದು ಕಾಣುತ್ತದೆ. ಗಾಲಿ ಜನಾರ್ದನ ರೆಡ್ಡಿ 2008ರ ಬಿಜೆಪಿ ಸರ್ಕಾರದಲ್ಲಿ ಮಂತ್ರಿ, 2011ರ ಸೆಪ್ಟೆಂಬರಿನಲ್ಲಿ ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ಬಂಧನ, 2015ರಲ್ಲಿ ಜಾಮೀನು, ಅದಕ್ಕೆ ಬಳ್ಳಾರಿಗೆ ಹೋಗಬಾರದೆಂಬ ಷರತ್ತು. 2022ರ ಕೊನೆಗೆ ಸ್ವಂತ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತಿಯಿಂದ ಗೆದ್ದು, 2024ರ ಮಾರ್ಚ್‌ನಲ್ಲಿ ಪಕ್ಷವನ್ನು ಬಿಜೆಪಿಯೊಳಗೆ ವಿಲೀನಗೊಳಿಸಿದರು. ಇಷ್ಟೂ ಕಾಲ ಪ್ರಕರಣ ನಡೆಯುತ್ತಲೇ ಇತ್ತು, ಸ್ಪರ್ಧೆಗೆ ಯಾವ ಅಡ್ಡಿಯೂ ಇರಲಿಲ್ಲ. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿತು. ಮೇ 8ರಂದು ವಿಧಾನಸಭೆ ಸಚಿವಾಲಯ ಅಧಿಸೂಚನೆ ಹೊರಡಿಸಿತು. ಅದರಲ್ಲಿ ಅನರ್ಹತೆ ಲೆಕ್ಕಕ್ಕೆ ಬಂದದ್ದು ಮೇ 6ರಿಂದಲೇ. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್‌ನ ಮಧ್ಯಂತರ ಆದೇಶ ಬಂದ ಬಳಿಕ ಸದಸ್ಯತ್ವ ಮರಳಿತು. ಮೇಲ್ಮನವಿಯ ಅಂತಿಮ ತೀರ್ಪು ಬೇರೆಯೇ ಮಾತು.

ಅಂದು ‘7 ಕೂಡಿಸು 6, ಒಟ್ಟು 13 ವರ್ಷ ರಾಜಕೀಯವಿಲ್ಲ’ ಎಂಬ ಲೆಕ್ಕ ಎಲ್ಲೆಡೆ ಓಡಾಡಿತು. ಕಾಯ್ದೆ ಹೇಳುವುದು ತೀರ್ಪಿನ ದಿನದಿಂದ ಬಿಡುಗಡೆಯವರೆಗೆ, ಬಿಡುಗಡೆಯಿಂದ ಮತ್ತೆ 6 ವರ್ಷ. ವಿಚಾರಣಾ ಕೈದಿಯಾಗಿ ಮೊದಲೇ ಕಳೆದ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದು ಬಂದವರಿಗೆ 13ರ ಲೆಕ್ಕ ಕೂಡುವುದಿಲ್ಲ.

ಎಷ್ಟು ಶಿಕ್ಷೆಯಾದರೆ ಸೀಟು ಹೋಗುತ್ತದೆ? ‘ಎರಡು ವರ್ಷಕ್ಕಿಂತ ಹೆಚ್ಚು’ ಎಂದು ಬರೆಯುವುದು ರೂಢಿಯಾಗಿದೆ. ಕಾಯ್ದೆಯಲ್ಲಿರುವುದು ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಸರಿಯಾಗಿ ಎರಡು ವರ್ಷವಾದರೂ ಸಾಕು. ಕೋಲಾರದ ಭಾಷಣಕ್ಕಾಗಿ ರಾಹುಲ್ ಗಾಂಧಿ ಅವರಿಗೆ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಕೊಟ್ಟದ್ದು ಸರಿಯಾಗಿ ಎರಡು ವರ್ಷ. ಮರುದಿನವೇ ಲೋಕಸಭೆ ಸದಸ್ಯತ್ವ ಹೋಯಿತು. ಶಿಕ್ಷೆ ಒಂದೇ ಒಂದು ದಿನ ಕಡಿಮೆಯಿದ್ದರೂ ಅನರ್ಹತೆ ಬರುತ್ತಿರಲಿಲ್ಲ, ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ ಎಂದು ಆಗಸ್ಟ್ 4ರಂದು ದೋಷಿ ತೀರ್ಪಿಗೆ ತಡೆ ಕೊಡುವಾಗ ಸುಪ್ರೀಂ ಕೋರ್ಟ್ ಎತ್ತಿ ತೋರಿಸಿತು. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿಗೆ ಬೇರೆ ಬೇರೆ ಶಿಕ್ಷೆಯಾಗಿ, ಅವು ಒಂದಾದ ಮೇಲೊಂದು ಅನುಭವಿಸಬೇಕಾದವಾಗಿದ್ದರೆ ಕೂಡಿಸಿಯೇ ಲೆಕ್ಕ. ಏಕಕಾಲಕ್ಕೆ ಎಂದಿದ್ದರೆ ಕೂಡಿಸುವಂತಿಲ್ಲ. ಹಾಗಾಗಿ ತೀರ್ಪಿನ ಆ ಒಂದು ಸಾಲು ವರದಿಯಲ್ಲಿ ಇರಲೇಬೇಕು.

ಎರಡು ವರ್ಷದ ಮಿತಿ ಎಲ್ಲ ಅಪರಾಧಕ್ಕೂ ಇಲ್ಲ ಎಂಬುದನ್ನು ವರದಿಗಳು ಪೂರಾ ಮರೆಯುತ್ತವೆ. ಜನಪ್ರತಿನಿಧಿ ಕಾಯ್ದೆಯ 8(1)ರ ಪಟ್ಟಿಯಲ್ಲಿರುವ ಅಪರಾಧಗಳಿಗೆ, ಅಂದರೆ ಭ್ರಷ್ಟಾಚಾರ ತಡೆ ಕಾಯ್ದೆ, ಮಾದಕ ವಸ್ತು ಕಾಯ್ದೆ, ಮತದಾರರಿಗೆ ಲಂಚ, ಅತ್ಯಾಚಾರ, ಕೋಮುದ್ವೇಷ ಹಬ್ಬಿಸುವುದು ಮೊದಲಾದವುಗಳಿಗೆ ಬರೀ ದಂಡ ಬಿದ್ದರೂ 6 ವರ್ಷ ಅನರ್ಹತೆ. 8(2)ರಲ್ಲಿ ಕಲಬೆರಕೆ, ಕಾಳದಾಸ್ತಾನು, ವರದಕ್ಷಿಣೆ. ಅಲ್ಲಿ ಆರು ತಿಂಗಳ ಶಿಕ್ಷೆ ಸಾಕು. ಸೆಕ್ಷನ್ ಸಂಖ್ಯೆ ಕೊಡದ ವರದಿಯಿಂದ ಸೀಟು ಉಳಿಯಿತೋ ಹೋಯಿತೋ ಯಾರೂ ಹೇಳಲಾರರು.

ಆರೋಪ ಎಷ್ಟೇ ಗಂಭೀರವಾಗಿರಲಿ, ತೀರ್ಪಿಗೆ ಮುನ್ನ ಸ್ಪರ್ಧೆಗೆ ತಡೆಯಿಲ್ಲ. ಕೊಲೆ ಪ್ರಕರಣದ ಆರೋಪಿಯಾಗಿದ್ದ ವಿನಯ ಕುಲಕರ್ಣಿ ಜಾಮೀನಿನ ಷರತ್ತಿನಿಂದಾಗಿ ಧಾರವಾಡ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಆದರೂ 2023ರಲ್ಲಿ ಧಾರವಾಡ ಕ್ಷೇತ್ರದಿಂದ ಗೆದ್ದರು. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇದ್ದದ್ದೇ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೊಸ ಅನರ್ಹತೆ ಸೇರಿಸುವುದು ಸಂಸತ್ತಿನ ಕೆಲಸವೆಂದು ಬಿಟ್ಟು, ಮತದಾರರಿಗೆ ತಿಳಿಸುವ ಹೊಣೆಯನ್ನು ಪಕ್ಷ ಮತ್ತು ಅಭ್ಯರ್ಥಿಯ ಮೇಲೆ ಹೊರಿಸಿತು.

ಆ ತಿಳಿಸುವ ಕೆಲಸ ಕೊನೆಗೆ ಬಂದು ನಿಲ್ಲುವುದು ನಿಮ್ಮ ಪುಟಗಳಲ್ಲಿ. ಪ್ರಕರಣವಿರುವ ಅಭ್ಯರ್ಥಿ ಅದರ ವಿವರ ತಿಳಿಸುವ ಸಿ-1 ನಮೂನೆಯ ಪ್ರಕಟಣೆಯನ್ನು ಮೂರು ಸಲ ಕೊಡಬೇಕು: ನಾಮಪತ್ರ ವಾಪಸಾತಿ ಮುಗಿದ ಮೊದಲ 4 ದಿನದೊಳಗೆ, 5ರಿಂದ 8ನೇ ದಿನದೊಳಗೆ, 9ನೇ ದಿನದಿಂದ ಪ್ರಚಾರದ ಕೊನೆಯ ದಿನದೊಳಗೆ. ಅಕ್ಷರದ ಗಾತ್ರ ಕನಿಷ್ಠ 12 ಪಾಯಿಂಟ್. ಪಕ್ಷವಾದರೆ ಪ್ರಕರಣ ಇಲ್ಲದವರನ್ನು ಬಿಟ್ಟು ಇವರಿಗೇ ಏಕೆ ಟಿಕೆಟ್ ಎಂಬ ಕಾರಣವನ್ನು ಆಯ್ಕೆಯಾದ 48 ಗಂಟೆಯೊಳಗೆ ಪ್ರಕಟಿಸಬೇಕು. ಗೆಲ್ಲುವ ಕುದುರೆ ಎಂಬುದಷ್ಟೇ ಕಾರಣವಾಗದು ಎಂದು 2020ರಲ್ಲೇ ನ್ಯಾಯಾಲಯ ಹೇಳಿದೆ. ಪಕ್ಷಗಳು ಈಗ ‘ಜನಪರ ಕೆಲಸ, ರಾಜಕೀಯ ಪ್ರೇರಿತ ಪ್ರಕರಣ’ ಎಂಬ ಒಂದೇ ವಾಕ್ಯವನ್ನು ಎಲ್ಲರ ಹೆಸರಿನ ಮುಂದೂ ಅಂಟಿಸುತ್ತವೆ. ಜಾಹೀರಾತಿನ ದುಡ್ಡು ತೆಗೆದುಕೊಂಡು ಅದನ್ನು ಟೆಂಡರ್ ನೋಟಿಸಿನ ಪಕ್ಕ ಹಾಕಿ ಕೈತೊಳೆದುಕೊಂಡರೆ ಯಾರು ಓದಬೇಕು?

ನಾಮಪತ್ರದ ಜೊತೆಗಿನ ಅಫಿಡವಿಟ್, ಅಂದರೆ ನಮೂನೆ 26, ಹೆಚ್ಚು ಉಪಯೋಗದ್ದು. ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಸೆಕ್ಷನ್, ದೋಷಾರೋಪ ನಿಗದಿಯಾಗಿದೆಯೇ, ಯಾವ ದಿನ ಎಂಬ ಅಂಕಣಗಳು ಅದರಲ್ಲಿವೆ. ನೋಡಬೇಕಾದದ್ದು ಪ್ರಕರಣಗಳ ಸಂಖ್ಯೆಯನ್ನಲ್ಲ, ಈ ಕೊನೆಯ ಅಂಕಣವನ್ನು. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸುವುದು ಬೇರೆ, ನ್ಯಾಯಾಧೀಶರು ದಾಖಲೆ ನೋಡಿ ದೋಷಾರೋಪ ನಿಗದಿ ಮಾಡುವುದು ಬೇರೆ. ರಸ್ತೆ ತಡೆ, ನಿಷೇಧಾಜ್ಞೆ ಉಲ್ಲಂಘನೆಯ ಹತ್ತು ಪ್ರಕರಣ ಇರುವವರಿಗಿಂತ ದೋಷಾರೋಪ ನಿಗದಿಯಾದ ಒಂದೇ ವಂಚನೆ ಪ್ರಕರಣ ಇರುವವರ ಕುತ್ತಿಗೆಗೆ ಕತ್ತಿ ಹತ್ತಿರ. ಅಂಕಣ ಖಾಲಿ ಬಿಟ್ಟು, ಸೂಚನೆ ಕೊಟ್ಟ ಮೇಲೂ ತುಂಬದಿದ್ದರೆ ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಬಹುದು. ಸುಳ್ಳು ಬರೆದಿದ್ದಾರೆಂದು ಮಾತ್ರ ತಿರಸ್ಕರಿಸುವಂತಿಲ್ಲ. ಅದಕ್ಕೆ ಜನಪ್ರತಿನಿಧಿ ಕಾಯ್ದೆಯ 125ಎ ಅಡಿ ಬೇರೆ ಮೊಕದ್ದಮೆ ಹೂಡಬೇಕು, ಇಲ್ಲವೇ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟ್‌ನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು. 46ನೇ ದಿನ ಬಂದವರ ಅರ್ಜಿ ಎಷ್ಟೇ ಗಟ್ಟಿಯಿದ್ದರೂ ನಡೆಯುವುದಿಲ್ಲ.

ಪ್ರಕರಣದ ಸ್ಥಿತಿ ತಿಳಿಯಲು ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಪ್ರಕರಣಕ್ಕೂ ಇರುವ 16 ಅಂಕಿ-ಅಕ್ಷರಗಳ ಗುರುತು, ಅಂದರೆ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಹೈಕೋರ್ಟ್ ಜಾಲತಾಣದಲ್ಲಿ ಹುಡುಕುವಾಗ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳನ್ನು ಬೇರೆ ಬೇರೆ ಆರಿಸಬೇಕು. ಪೀಠ ತಪ್ಪಿದರೆ ದಾಖಲೆ ಸಿಗುವುದಿಲ್ಲ, ಅಷ್ಟಕ್ಕೇ ಪ್ರಕರಣ ಬಿದ್ದುಹೋಗಿದೆ ಎಂದುಕೊಳ್ಳಬಾರದು.

ತಮ್ಮಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಜನಪ್ರತಿನಿಧಿಯ ಶಿಕ್ಷೆಯ ಸುದ್ದಿ ಬಂದಾಗಲೆಲ್ಲ ಯಾವ ನ್ಯಾಯಾಲಯ, ಯಾವ ಸೆಕ್ಷನ್, ಎಷ್ಟು ಶಿಕ್ಷೆ, ಏಕಕಾಲಕ್ಕೋ ಒಂದಾದ ಮೇಲೊಂದೋ ಎಂಬುದನ್ನು ಒಂದು ಚಿಕ್ಕ ಚೌಕದಲ್ಲಿ ಹಾಕಿ. ಮೇಲ್ಮನವಿಯ ಸುದ್ದಿಯಾದರೆ ತಡೆ ಬಿದ್ದದ್ದು ಶಿಕ್ಷೆಗೋ, ದೋಷಿ ತೀರ್ಪಿಗೋ ಎಂಬುದನ್ನು ತಲೆಬರಹದಲ್ಲೇ ಹೇಳಿ. ವಕೀಲರು ಹೊರಬಂದು ಮೈಕಿನ ಮುಂದೆ ಹೇಳಿದ್ದನ್ನು ನಂಬಬೇಡಿ, ಅದು ನಾವಾಗಿದ್ದರೂ ಸರಿ. ಆದೇಶದ ಪ್ರತಿ ಸಾಮಾನ್ಯವಾಗಿ ಜಾಲತಾಣಕ್ಕೆ ಬರುತ್ತದೆ. ಉಪಸಂಪಾದಕರು ಅದರ ಕೊನೆಯ ಎರಡು ಪ್ಯಾರಾ ಓದಿದರೆ ಸಾಕು, ಏನೇನು ಮಂಜೂರಾಗಿದೆ ಎಂಬುದು ಅಲ್ಲೇ ಇರುತ್ತದೆ.

– ಕೆಲವು ವಕೀಲರು, ಕಲಬುರಗಿ