ಮರೆಯಾದ ಗುಣ ಅಳಿದುಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಪ್ರಬಲ ಗುಣಗಳು (ತಂದೆ-ತಾಯಿಯರಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುವಂಥವು) ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ಹೋಗಿ, ಅಪ್ರಬಲ ಗುಣಗಳು (ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥವು) ಕ್ರಮೇಣ ಕಣ್ಮರೆಯಾಗುತ್ತವೆ ಎಂಬ ಮಾತು ಅನುವಂಶೀಯತೆಯ ಕುರಿತ ಜನಪ್ರಿಯ ಬರಹಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದ್ದು, ಅದು ಸರಿಯಲ್ಲ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ ಗುಂಡು ಬೀಜದ ಮತ್ತು ಸುಕ್ಕು ಬೀಜದ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ಗುಂಡಾಗಿಯೇ ಇದ್ದವು. ಆದರೆ ಆ ಬೀಜಗಳಿಂದ ಬೆಳೆದ ಗಿಡಗಳು ಸ್ವಕೀಯ ಪರಾಗಸ್ಪರ್ಶದಿಂದ ಕೊಟ್ಟ ಬೀಜಗಳಲ್ಲಿ 5,474 ಗುಂಡು, 1,850 ಸುಕ್ಕು. ಸುಕ್ಕು ಎಲ್ಲಿಗೂ ಹೋಗಿರಲಿಲ್ಲ.

ಅದರ ಕಾರಣವೂ ಈಗ ತಿಳಿದಿದೆ. ಪ್ರತಿ ಜೀನಿಗೂ ತಂದೆ-ತಾಯಿಯರಿಂದ ಒಂದೊಂದರಂತೆ ಬಂದ ಎರಡು ಪ್ರತಿಗಳಿರುತ್ತವೆ. ಪಿಷ್ಟದ ಕವಲುಗಳನ್ನು ಕಟ್ಟುವ ಕಿಣ್ವದ (ಎನ್ಜೈಮ್) ಜೀನಿನ ಎರಡೂ ಪ್ರತಿಗಳು ಕೆಟ್ಟಿರುವ ಬೀಜದಲ್ಲಿ ಸಕ್ಕರೆ ಹೆಚ್ಚಾಗಿ ಉಳಿದು, ಬೀಜ ಹೆಚ್ಚು ನೀರು ಹೀರಿ ಉಬ್ಬಿ, ಒಣಗುವಾಗ ಮುದುಡಿಕೊಳ್ಳುತ್ತದೆ. ಜೀನಿನ ಒಂದೇ ಒಂದು ಸರಿಯಾದ ಪ್ರತಿ ಇದ್ದರೂ ಬೀಜ ಗುಂಡಾಗಲು ಸಾಕಾಗುವಷ್ಟು ಕಿಣ್ವ ದೊರೆಯುತ್ತದೆ. ಇಲ್ಲಿ ಪ್ರಾಬಲ್ಯವೆಂದರೆ ಇಷ್ಟೇ, ಇನ್ನೊಂದು ಪ್ರತಿಯ ಮೇಲೆ ಸಾಧಿಸಿದ ವಿಜಯವೇನಲ್ಲ.

ಪ್ರಬಲವಾದದ್ದೇ ಸಾಮಾನ್ಯ ಎಂಬುದೂ ತಪ್ಪು. ಮಿದುಳಿನ ನರಕೋಶಗಳನ್ನು ಕೆಡಿಸುವ ಹಂಟಿಂಗ್ಟನ್ ಕಾಯಿಲೆ ಪ್ರಬಲವಾದರೂ ಅಪರೂಪ; ಓ ರಕ್ತದ ಗುಂಪು ಅಪ್ರಬಲವಾದರೂ ಜಗತ್ತಿನಲ್ಲಿ ಬಹು ಸಾಮಾನ್ಯ.

ಇದು ಬರೀ ಪಠ್ಯದ ಸಂಗತಿಯೂ ಅಲ್ಲ. ಥಲಸ್ಸೇಮಿಯಾದಂಥ ಅಪ್ರಬಲ ರಕ್ತರೋಗದ ವಾಹಕರಾದ (ಕೆಟ್ಟ ಜೀನಿನ ಒಂದು ಪ್ರತಿ ಮಾತ್ರ ಇದ್ದು, ತಮಗೆ ರೋಗವಿಲ್ಲದ) ತಂದೆ-ತಾಯಿ ಇಬ್ಬರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ಶೇ 25. ಮೊದಲ ಮಗುವಿಗೆ ಬಂದಿತೆಂದ ಮಾತ್ರಕ್ಕೆ ಮುಂದಿನ ಮೂವರು ಪಾರಾದಂತಲ್ಲ. ರೋಗವಿಲ್ಲದ ಮಗುವೂ ವಾಹಕವಾಗಿರುವ ಸಂಭವ ಮೂರರಲ್ಲಿ ಎರಡು ಪಾಲು. ಆರೋಗ್ಯ ಪುಟದ ಲೇಖನಗಳಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

– ಜೀವಶಾಸ್ತ್ರದ ಅಧ್ಯಾಪಕ