ಮಂಡಿನೋವಿನ ಶಿಬಿರ ಸರಿ, ಹೆರಿಗೆ ರಿಜಿಸ್ಟರ್ ಎಲ್ಲಿ?

ಮಾನ್ಯ ಸಂಪಾದಕರೇ,

ಜಿಲ್ಲೆಯಲ್ಲಿ ಈಗ ಮಂಡಿನೋವು, ಮೂಳೆ ಸವೆತದ ಉಚಿತ ತಪಾಸಣಾ ಶಿಬಿರಗಳು ಒಂದರ ಹಿಂದೊಂದು ನಡೆಯುತ್ತಿವೆ. ಕಾರವಾರ, ಕುಮಟಾ, ಶಿರಸಿ ಎಲ್ಲ ಕಡೆಯ ಸುದ್ದಿಯೂ ನಿಮ್ಮ ಪತ್ರಿಕೆಯಲ್ಲಿ ಬರುತ್ತಿದೆ, ಒಳ್ಳೆಯದೇ. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಕೊಡುವ ಆ ಚೀಟಿಯೇ ಕೊನೆಯ ಮಾತಲ್ಲ, ಮೂಳೆಯ ಸಾಂದ್ರತೆ ಸರಿಯಾಗಿ ಅಳೆಯುವ ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್ ಬೇರೆ ಎಂದು ಒಂದು ಸಾಲು ಸೇರಿಸಿದ್ದರೆ ಇನ್ನೂ ಒಳ್ಳೆಯದಿತ್ತು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಈ ವರದಿಗಳಲ್ಲೆಲ್ಲ ಮೂಳೆಯ ಕಥೆ ಐವತ್ತನೇ ವಯಸ್ಸಿಗೆ ಶುರುವಾಗುತ್ತದೆ. ಮೀನು ಬುಟ್ಟಿ ಹೊತ್ತದ್ದು, ಅಡಿಕೆ ಮರ ಹತ್ತಿದ್ದು, ಮುಟ್ಟು ನಿಂತದ್ದು ಇಷ್ಟೇ ಕಾರಣಗಳು. ಇವು ಕಾರಣಗಳೇ, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಬಂದರಿನಲ್ಲಿ ಒಂದೇ ತೂಕದ ಬುಟ್ಟಿ ಹೊತ್ತ ಇಬ್ಬರಲ್ಲಿ ಒಬ್ಬಾಕೆ ಎಪ್ಪತ್ತರಲ್ಲೂ ನೆಟ್ಟಗೆ ನಡೆಯುತ್ತಾಳೆ, ಇನ್ನೊಬ್ಬಾಕೆ ಅಂಗಳದಲ್ಲಿ ಜಾರಿದ್ದೇ ನೆಪವಾಗಿ ಸೊಂಟ ಮುರಿದುಕೊಂಡು ಮಲಗುತ್ತಾಳೆ. ಯಾಕೆ?

ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ಸಿಕ್ಕಿದ್ದು ನಮ್ಮಂಥವರು ಬರೆದಿಟ್ಟ ಹೆರಿಗೆ ರಿಜಿಸ್ಟರಿನಲ್ಲಿ. ನಾನು ಈ ಕರಾವಳಿಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಊರವರ ಬಾಯಲ್ಲಿ ಇವತ್ತಿಗೂ ‘ಸಿಸ್ಟರ್’. ಹಾಗಾಗಿ ಇಂಗ್ಲೆಂಡಿನ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆಯ ವಿಷಯ ಓದಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ ಇರಬೇಕು. ಆಕೆ ಹರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆಯ ಸೂಲಗಿತ್ತಿಯರ ಮೇಲ್ವಿಚಾರಕಿ. 1911ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಎದೆಹಾಲೋ ಬಾಟಲಿಯೋ ಎಂಬ ವಿವರ, ಒಂದು ವರ್ಷ ತುಂಬಿದಾಗಿನ ತೂಕ ಎಲ್ಲವನ್ನೂ ಲೆಡ್ಜರಿನಲ್ಲಿ ಬರೆಸಿದಳು. ಆ ಪದ್ಧತಿ 1948ರವರೆಗೂ ನಡೆಯಿತು. 1980ರ ದಶಕದಲ್ಲಿ ಸೌತಾಂಪ್ಟನ್‌ನ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ ತಂಡಕ್ಕೆ ಆ ಲೆಡ್ಜರುಗಳು ಸಿಕ್ಕವು. ಅವರು ಮಾಡಿದ್ದು ತಾಳ್ಮೆಯ ಕೆಲಸ: ಅದರಲ್ಲಿದ್ದ ಕೂಸುಗಳನ್ನು, ಅಂದರೆ ಅಷ್ಟೊತ್ತಿಗೆ ಮುದುಕ ಮುದುಕಿಯರಾಗಿದ್ದವರನ್ನು, ಹುಡುಕಿ ಕರೆಸಿದರು. ಹುಟ್ಟಿನ ಮತ್ತು ಒಂದು ವರ್ಷದ ತೂಕಕ್ಕೂ ಮುಂದಿನ ಹೃದ್ರೋಗ, ಸಕ್ಕರೆ ಕಾಯಿಲೆಗೂ ಇರುವ ಸಂಬಂಧ ಮೊದಲು ಕಂಡಿತು. ಬಾರ್ಕರ್ ಹೆಸರು ಲೋಕಕ್ಕೆ ಗೊತ್ತಾದದ್ದು ಅದರಿಂದ. ಮೂಳೆಯ ಕಡೆ ನೋಡಿದವರು ಸೈರಸ್ ಕೂಪರ್ ಮತ್ತು ಸಂಗಡಿಗರು. ಒಂದು ವರ್ಷದಲ್ಲಿ ಕಡಿಮೆ ತೂಗಿದ್ದವರ ಮೂಳೆಯಲ್ಲಿ ಅರವತ್ತು ಎಪ್ಪತ್ತರ ವಯಸ್ಸಿನಲ್ಲೂ ಖನಿಜಾಂಶ ಕಡಿಮೆಯೇ ಇತ್ತು. ಹುಟ್ಟುವಾಗ ತೂಕ ಕಡಿಮೆ ಇದ್ದವರ ಕೈಹಿಡಿತದ ಬಲವೂ ಕಡಿಮೆ. ಹೆಲ್ಸಿಂಕಿಯಲ್ಲಿ 1924ರಿಂದ 1933ರವರೆಗೆ ಹುಟ್ಟಿದ ಏಳು ಸಾವಿರಕ್ಕೂ ಹೆಚ್ಚು ಜನರ ಆಸ್ಪತ್ರೆ ಮತ್ತು ಶಾಲೆಯ ದಾಖಲೆ ಹಿಡಿದು ಹೊರಟವರಿಗೆ, ಬಾಲ್ಯದಲ್ಲಿ ನಿಧಾನ ಬೆಳೆದವರಲ್ಲೇ ಮುಂದೆ ಸೊಂಟದ ಮೂಳೆ ಮುರಿತ ಹೆಚ್ಚೆಂದು ಕಂಡುಬಂತು.

ಇದರರ್ಥ ಎಲ್ಲವೂ ತೊಟ್ಟಿಲಲ್ಲೇ ನಿರ್ಧಾರವಾಗುತ್ತದೆ ಎಂದಲ್ಲ. ಮೂಳೆಯ ಗಟ್ಟಿತನದಲ್ಲಿ ವಂಶದಿಂದ ಬಂದ ಪಾಲು ದೊಡ್ಡದು. ಮೂಳೆ ತುಂಬಿಕೊಳ್ಳುವುದು ಮೂವತ್ತರ ಆಸುಪಾಸಿನವರೆಗೂ ನಡೆಯುತ್ತದೆ, ಅದರಲ್ಲೂ ಹರೆಯದ ವರ್ಷಗಳಲ್ಲಿ ಜೋರು. ಆದರೆ ಹೊಟ್ಟೆಯಲ್ಲಿರುವ ಕೂಸು ತಾಯಿಯಿಂದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಅದರ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ನಮ್ಮಲ್ಲಿ ಹೇಗೆ ಕಳೆಯುತ್ತವೆ ಎಂದು ಒಮ್ಮೆ ಯೋಚಿಸಿ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಾರ್ಲೆ, ಬಂಗಡೆಯಂಥ ಎಣ್ಣೆಮೀನು, ಮುಳ್ಳಿನ ಸಮೇತ ಜಗಿಯುವ ಸಣ್ಣ ಮೀನು ಬಡವರ ಪಾಲಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಯ ಮೂಲ; ಅದೇ ಆ ದಿನಗಳಲ್ಲಿ ತುಟ್ಟಿ. ಬಿಸಿಲಂತೂ ವಾರಗಟ್ಟಲೆ ಕಾಣುವುದಿಲ್ಲ. ಕುಚಲಕ್ಕಿ ಗಂಜಿ, ಒಣಮೀನು, ಉಪ್ಪಿನಕಾಯಿ. ರಾಗಿ ನಮ್ಮ ಕರಾವಳಿಯ ನಿತ್ಯದ ಊಟವಲ್ಲ, ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೂ. ಘಟ್ಟದ ಮೇಲೆ ಹಾಲು ಮಜ್ಜಿಗೆ ಉಂಟು, ನಿಜ. ಆದರೆ ಡೇರಿಗೆ ಹಾಕಿ ಉಳಿದದ್ದರಲ್ಲಿ ಮನೆಯ ಬಸುರಿಗೆ ಬಂದದ್ದೆಷ್ಟು ಎಂದು ಕೇಳಬೇಕಾದೀತು. ಭಾದ್ರಪದದಲ್ಲಿ ಹೆರುವವಳಿಗೆ ಈ ಕೊರತೆಗಳೆಲ್ಲ ಒಟ್ಟಿಗೇ ಎದುರಾಗುತ್ತವೆ.

ಮಳೆಗಾಲದ ಬಸಿರಿಗೂ ಮಗುವಿನ ಮೂಳೆಗೂ ಸಂಬಂಧ ಇರಬಹುದೇ? ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಮಾವಿಡೋಸ್ ಎಂಬ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಅರ್ಧ ಜನರಿಗೆ ದಿನಕ್ಕೆ 1000 ಯೂನಿಟ್ ವಿಟಮಿನ್ ಡಿ, ಉಳಿದರ್ಧಕ್ಕೆ ಔಷಧವಿಲ್ಲದ ಗುಳಿಗೆ. ಒಟ್ಟಾರೆ ನವಜಾತ ಶಿಶುಗಳ ಮೂಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಸಿಲಿಲ್ಲದ ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ, ವಿಟಮಿನ್ ಪಡೆದ ತಾಯಂದಿರ ಮಕ್ಕಳ ಮೂಳೆ ಹೆಚ್ಚು ತುಂಬಿತ್ತು. ಅವರ ಚಳಿಗಾಲವನ್ನು ತಂದು ನಮ್ಮ ಆಷಾಢಕ್ಕೆ ನೇರ ಅಂಟಿಸಲಾಗದು. ಇಲ್ಲಿನ ಉತ್ತರ ಇಲ್ಲೇ ಹುಡುಕಬೇಕು, ಹುಡುಕಲು ಹುಟ್ಟಿದ ತಾರೀಖು ಮತ್ತು ತೂಕ ಬೇಕು. ಎರಡೂ ಉಪಕೇಂದ್ರದ ರಿಜಿಸ್ಟರಿನಲ್ಲಿ ಪಕ್ಕಪಕ್ಕದ ಕಲಂನಲ್ಲಿವೆ.

ಇಂಥದ್ದೆಲ್ಲ ಫಾರಿನ್ನಿನಲ್ಲಿ ಮಾತ್ರ ಸಾಧ್ಯ ಅನ್ನುವವರು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಕಡೆ ನೋಡಲಿ. 1934ರಿಂದ ಹೆರಿಗೆಯಾದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆ ಅಲ್ಲಿ ಜೋಪಾನವಾಗಿತ್ತು. ಅದನ್ನು ನಂಬಿಯೇ ಕ್ಯಾರೊಲಿನ್ ಫಾಲ್ ಮತ್ತಿತರ ಸಂಶೋಧಕರು ಅಲ್ಲಿ ಹುಟ್ಟಿದವರನ್ನು ಅವರ ನಡುವಯಸ್ಸಿನಲ್ಲಿ ಪರೀಕ್ಷಿಸಿದರು. 1997ರಲ್ಲಿ ಅಲ್ಲೇ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ಮೂರರಲ್ಲಿ ಎರಡು ಪಾಲಿನವರಿಗೆ ವಿಟಮಿನ್ ಡಿ ಸಾಲದಾಗಿತ್ತು. ಮೈಸೂರಿನ ಬಿಸಿಲಿನಲ್ಲಿ! ಅದರಿಂದ ಮಕ್ಕಳ ಹುಟ್ಟಿನ ತೂಕವೇನೂ ಇಳಿದಿರಲಿಲ್ಲ. ಐದು ವರ್ಷವಾದಾಗ ಮತ್ತು ಒಂಬತ್ತೂವರೆಯಲ್ಲಿ ಅಳೆದಾಗ ಅಂಥ ತಾಯಂದಿರ ಮಕ್ಕಳ ತೋಳಿನಲ್ಲಿ ಮಾಂಸಖಂಡ ಕಡಿಮೆ ಎಂದು ಗೊತ್ತಾಯಿತು. ಹೆರಿಗೆಯ ದಿನವೇ ಲೆಕ್ಕ ಮುಗಿಸಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಪುಣೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನವೂ ಹಾಗೆಯೇ: ಬಸಿರಿನಲ್ಲಿ ಹಾಲು, ಬೇಳೆ, ಸೊಪ್ಪು, ಹಣ್ಣು, ಮಾಂಸದಂಥ ಕ್ಯಾಲ್ಸಿಯಂ ಇರುವ ಆಹಾರವನ್ನು ಹೆಚ್ಚು ಸಲ ತಿಂದ ತಾಯಂದಿರ ಮಕ್ಕಳಿಗೆ ಆರನೇ ವರ್ಷದಲ್ಲಿ ಮೂಳೆ ಗಟ್ಟಿಯಿತ್ತು.

ಹಾಗೆಂದು ಕುಂಟುವ ಮಗು ಕಂಡಲ್ಲೆಲ್ಲ ತಾಯಿಯ ಊಟಕ್ಕೆ ಬೆರಳು ತೋರಿಸಬೇಡಿ. ಸಿದ್ದಾಪುರದ ಗಡಿ ದಾಟಿದರೆ ಸಾಗರ ತಾಲೂಕು, ಅಲ್ಲಿಯ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಕೀಲು, ಸೊಂಟ ಹಿಡಿದು ಜನ ನೆಲ ಹಿಡಿದಾಗ ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಕಾರಣವೆಂದು ಮೊದಲು ಶಂಕಿಸಿದರು. ಮನೆಮನೆ ತಿರುಗಿ ಯಾರ ಮಗ ಯಾರು, ಯಾರ ಮಗಳು ಯಾರು ಎಂದು ವಂಶವೃಕ್ಷ ಬರೆದ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ರೋಗವೆಂದು ತಿಳಿದದ್ದು. ಅಲ್ಲೂ ಕೆಲಸ ಮಾಡಿದ್ದು ದಾಖಲೆಯೇ.

ಇನ್ನು ಕೆಲವು ಸಂಗತಿಗಳಿಗೆ ಯಾವ ಸಂಶೋಧನೆಗೂ ಕಾಯಬೇಕಿಲ್ಲ. ಸರ್ಕಾರದ ಕ್ಯಾಲ್ಸಿಯಂ ಗುಳಿಗೆ ದಿನಕ್ಕೆರಡು, ನಾಲ್ಕನೇ ತಿಂಗಳಿಂದ ಹೆರಿಗೆಯಾಗಿ ಆರು ತಿಂಗಳವರೆಗೆ. ಊಟದ ಜೊತೆ ತಿನ್ನಬೇಕು, ಕಬ್ಬಿಣದ ಗುಳಿಗೆಯೊಟ್ಟಿಗೆ ಬೇಡ. ಹೆಚ್ಚಿನವರು ಹೆರಿಗೆಯಾದ ಮರುದಿನವೇ ಬಿಟ್ಟುಬಿಡುತ್ತಾರೆ. ಮಗುವಿನ ಕಾಲು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ಅಜ್ಜಿಯರಿಗೂ ಒಂದು ಮಾತು: ಜಪಾನಿನಲ್ಲಿ 1970ರ ದಶಕದಲ್ಲಿ ಇದನ್ನು ಬಿಡಿಸುವ ಪ್ರಚಾರ ಮಾಡಿದ ಮೇಲೆ ಮಕ್ಕಳ ಸೊಂಟದ ಕೀಲು ಜಾರುವ ತೊಂದರೆ ಬಹಳ ಇಳಿಯಿತು. ಕೈ ಸುತ್ತಿ, ಕಾಲು ಬಿಡಿ. ಆಚೀಚೆ ಕಾಲು ಹಾಕಿಸಿ ಸೊಂಟದ ಮೇಲೆ ಎತ್ತಿಕೊಳ್ಳುವ ನಮ್ಮ ರೂಢಿ ಮಾತ್ರ ಕೀಲಿಗೆ ಬಲು ಒಳ್ಳೆಯದು, ಅದನ್ನು ಹಳ್ಳಿಯ ಪದ್ಧತಿ ಎಂದು ಬಿಡಬೇಡಿ.

ಈಗ ರಿಜಿಸ್ಟರಿನ ವಿಷಯ. ತಾಲೂಕಿನ ಒಂದು ಕೇಂದ್ರದಲ್ಲಿ ಹಳೆಯ ಹೆರಿಗೆ ರಿಜಿಸ್ಟರುಗಳನ್ನು ಗೋಣಿಗೆ ತುಂಬಿ ರದ್ದಿಗೆ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದವು ಮಳೆ ಸೋರುವ ಕೋಣೆಯಲ್ಲಿ ಗೆದ್ದಲಿಗೆ ಬಿದ್ದಿವೆ. ಕೇಳಿದರೆ ‘ಈಗೆಲ್ಲ ಆನ್‌ಲೈನ್ ಅಲ್ವಾ’ ಎಂಬ ಉತ್ತರ. 2021ರಲ್ಲಿ ಅಂಗನವಾಡಿಯವರು ಮಕ್ಕಳ ತೂಕ ದಾಖಲಿಸುವ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಬಂದ ಮೇಲಿನ ಮಕ್ಕಳಿಗೆ ಅದು ಸರಿ. 1980ರಲ್ಲಿ ಹುಟ್ಟಿ ಈಗ ಮಂಡಿ ಹಿಡಿದುಕೊಂಡು ಶಿಬಿರದ ಸಾಲಿನಲ್ಲಿ ನಿಂತವಳ ಹುಟ್ಟಿದ ತೂಕ ಯಾವ ಮೊಬೈಲಿನಲ್ಲಿದೆ?

ಆ ರಿಜಿಸ್ಟರುಗಳೇನೂ ಬಂಗಾರವಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಮನೆ ಹೆರಿಗೆಯಾದರೆ ಹಳ್ಳ ಇಳಿಯುವವರೆಗೆ ಕಾದು ಎಂಟನೇ ದಿನ ತೂಗಿದ್ದುಂಟು. ಎರಡೂವರೆ ಕಿಲೋಕ್ಕಿಂತ ಕಡಿಮೆ ಎಂದು ಬರೆದರೆ ಮೇಲಿನವರು ನೂರು ಪ್ರಶ್ನೆ ಕೇಳುತ್ತಿದ್ದರು. ಹಾಗಾಗಿ ಸರಿಯಾಗಿ ಎರಡೂವರೆ ತೂಗುವ ಮಕ್ಕಳು ನಮ್ಮ ಇಲಾಖೆಯ ಪುಸ್ತಕಗಳಲ್ಲಿ ಬೇಕಾದಷ್ಟು! ತಿಳಿದ ಸಂಶೋಧಕರು ಇಂಥದ್ದನ್ನು ಲೆಕ್ಕಕ್ಕೆ ಹಿಡಿದೇ ಓದುತ್ತಾರೆ. ತಪ್ಪಿರುವ ಪುಸ್ತಕವನ್ನು ಜರಡಿ ಹಿಡಿಯಬಹುದು, ರದ್ದಿಗೆ ಹೋದದ್ದನ್ನು ಏನು ಮಾಡುವುದು?

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಮುದಾಯ ವೈದ್ಯ ವಿಭಾಗವೂ ಹಳ್ಳಿ ಸಮೀಕ್ಷೆಗೆ ಹೋಗುವ ವಿದ್ಯಾರ್ಥಿಗಳೂ ಇರುವ ಜಾಗ ಅದು. ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿ, ಹಳೆಯ ಹೆರಿಗೆ ರಿಜಿಸ್ಟರು, ಅಂಗನವಾಡಿಯ ತೂಕದ ಪುಸ್ತಕ, ಶಾಲಾ ತಪಾಸಣೆಯ ಕಾರ್ಡು ಯಾವುದನ್ನೂ ವಿಲೇವಾರಿ ಮಾಡದೆ ಕಾಲೇಜಿಗೆ ಮುಟ್ಟಿಸುವಂತೆ ಹೇಳಲಿ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಹೆಸರು ವಿಳಾಸ ಮುಚ್ಚಿರಲಿ, ಮದುವೆಗೆ ಮುಂಚಿನ ಬಸಿರು, ಸತ್ತ ಕೂಸು ಎಲ್ಲವೂ ಅದರಲ್ಲಿವೆ. ಮನೆಯವರು ತಾಯಿ ಕಾರ್ಡನ್ನು ಲಸಿಕೆ ಮುಗಿದೊಡನೆ ಎಸೆಯದೆ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಲಿ.

ಹಳೆಯ ಪುಸ್ತಕಗಳನ್ನು ಓದಲು ಒಂದು ಕಷ್ಟವಿದೆ. ನಮ್ಮ ಅಕ್ಷರ, ನಾವೇ ಮಾಡಿಕೊಂಡ ಗುರುತುಗಳು, ಊರಲ್ಲಿ ಈಗ ಯಾರೂ ಬಳಸದ ಕೇರಿಯ ಹೆಸರುಗಳು ಕಂಪ್ಯೂಟರಿಗೆ ಕೂತ ಹುಡುಗರಿಗೆ ತಿಳಿಯುವುದಿಲ್ಲ. ಭಟ್ಕಳದಿಂದ ಜೋಯಿಡಾವರೆಗೆ ನಿವೃತ್ತ ಸಿಸ್ಟರ್‌ಗಳು ಇನ್ನೂ ಇದ್ದೇವೆ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಟ್ಟರೆ ವಾರಕ್ಕೆರಡು ದಿನ ಬಂದು ಪಕ್ಕದಲ್ಲಿ ಕೂತು ಓದಿ ಹೇಳಲು ನಾನಂತೂ ತಯಾರು.

ಇತಿ ತಮ್ಮ ಓದುಗಳು,
ಒಬ್ಬ ನಿವೃತ್ತ ಆರೋಗ್ಯ ಸಹಾಯಕಿ
ಅಂಕೋಲಾ