ಮಾಣಿಗೊಂದು ಪತ್ರ, ದಫೇದಾರನ ವಿಷಯವಾಗಿ

ಪ್ರೀತಿಯ ಮಾಣಿ,

ಪುಣೆಯಲ್ಲಿ ಮಳೆ ಹೇಗಿದೆ ಅಂತ ಕೇಳುವುದಿಲ್ಲ. ನೀನು ಕಿಟಕಿ ತೆಗೆಯುವವನೇ ಅಲ್ಲ. ಮೂರನೇ ಇಡ್ಲಿಯ ಕತೆಯನ್ನೂ ಇಲ್ಲಿ ಎತ್ತುವುದಿಲ್ಲ, ಹೆದರಬೇಡ. ನಾಲ್ಕು ಜನ ಓದುವ ಜಾಗ ಇದು.

ಇದನ್ನು ನಿನ್ನ ನಂಬರಿಗೆ ಕಳಿಸಬಹುದಿತ್ತಲ್ಲ ಮಾರಾಯ ಅಂತ ನೀನು ಕೇಳ್ತೀಯ. ಕಳಿಸಬಹುದಿತ್ತು. ಆದರೆ ಒಂದು ಪಿಕಳಾರ ಹಕ್ಕಿ ಕಂಡರೂ ಹತ್ತು ಜನಕ್ಕೆ ಹೇಳದೆ ಊಟ ಸೇರದವನು ನಾನು. ಆ ಚಟ ಇನ್ನೂ ಬಿಟ್ಟಿಲ್ಲ. ಈ ಪತ್ರವೇ ಸಾಕ್ಷಿ.

ಮೊದಲು ಸುದ್ದಿ. ಹೋದ ತಿಂಗಳು ದಾಂಡೇಲಿಗೆ ಹೋಗಿದ್ದೆ. ಮರದ ಡಿಪೋ ನೀನು ಬಿಟ್ಟು ಹೋದ ಹಾಗೇ ಇದೆ. ಕಡಿದ ದಿಮ್ಮಿಗಳ ರಾಶಿ, ಅದರ ಸುತ್ತ ಬದುಕಿರುವ ಹಕ್ಕಿ ನೋಡಲು ಬಂದ ನಾವು. ಈ ತಮಾಷೆಗೆ ನಿನ್ನಷ್ಟು ನಗುವವರು ಈಗ ಯಾರೂ ಸಿಗುವುದಿಲ್ಲ. ಕಪ್ಪುಬಿಳಿ ಮಂಗಟ್ಟೆಗಳು, ಅಂದರೆ ಹಾರ್ನ್‌ಬಿಲ್‌ಗಳು, ಹತ್ತು ಹನ್ನೆರಡು ಒಟ್ಟಿಗೆ ಬಂದವು, ಮದುವೆ ಮನೆಗೆ ಬಂದವರ ಹಾಗೆ ಗಲಾಟೆ ಮಾಡುತ್ತಾ. ಕಾಕರಣೆ ಒಂದೇ ಒಂದು ಕಂಡಿತು. ಎಂದಿನಂತೆ ಕೆಂಪು ಹೊಟ್ಟೆ ಆ ಕಡೆ, ಮಾಸಲು ಬೆನ್ನು ನಮ್ಮ ಕಡೆ. ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುವ ಇನ್ನೊಬ್ಬ ಮನುಷ್ಯ ನೆನಪಾದ. ಹೆಸರು ಹೇಳುವುದಿಲ್ಲ.

ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ಕಾಕರಣೆಯ ಕೂಗು ಹಾಕಿ ಅದನ್ನು ತಿರುಗಿಸಲು ನೋಡಿದ. ನಾನು ಹೋಗಿ ದೊಡ್ಡ ಭಾಷಣ ಬಿಗಿದೆ. ಅದು ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಳ್ಳುತ್ತದೆ, ತಿನ್ನುವುದು ಬಿಟ್ಟು ಜಗಳಕ್ಕೆ ಅಲೆಯುತ್ತದೆ, ಸುಮ್ನೆ ಯಾಕೆ ಗೋಳು ಹೊಯ್ದುಕೊಳ್ತೀಯ ಅಂತ. ಹುಡುಗ ಪಾಪ, ‘ಸಾರಿ ಸರ್’ ಅಂದ. ಮೊಬೈಲ್ ಜೇಬಿಗೆ ಹಾಕಿಕೊಂಡ. ನನಗೆ ಬಹಳ ಖುಷಿಯಾಯಿತು. ಎರಡು ದಿನ ಆ ಖುಷಿ ಇತ್ತು.

ಮೂರನೇ ದಿನ ಮನೆಗೆ ಬಂದು ಹಾರ್ಡ್ ಡಿಸ್ಕಿನಲ್ಲಿ ಜಾಗ ಮಾಡಲು ಕುಳಿತೆ. ಹಳೆಯ ಫೋಲ್ಡರ್ ಒಂದು ಸಿಕ್ಕಿತು. ಹೆಸರು ‘ದಫೇದಾರ’.

ನೆನಪಿದೆಯಲ್ಲ? ನಮ್ಮ ದೊಡ್ಡ ಮಂಗಟ್ಟೆಯ ಗಂಡು. ಹಳದಿ ಟೋಪಿ, ಕೆಂಪು ಕಣ್ಣು, ದಪ್ಪ ಕುತ್ತಿಗೆ. ಹೆಸರಿಟ್ಟವನು ನೀನೇ. ಅವನ ಹಳದಿ ಹುಟ್ಟಿನಿಂದ ಬಂದದ್ದಲ್ಲ, ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಕೊಕ್ಕಿಗೂ ರೆಕ್ಕೆಯ ಬಿಳಿ ಪಟ್ಟಿಗೂ ತಾನೇ ಸವರಿಕೊಳ್ಳುತ್ತಾನೆ ಅಂತ ನೀನು ಹೇಳಿದಾಗ ನಾನು ನಂಬಿರಲಿಲ್ಲ. ‘ದಫೇದಾರ ಮೇಕಪ್ ಮಾಡ್ಕೋತಾನಾ?’ ಅಂದಿದ್ದೆ. ಆ ತಾರೆ ಮರದ ಗೂಡನ್ನು ಮೊದಲು ಕಂಡಾಗ ನಾವಿಬ್ಬರೇ ಇದ್ದೆವು. ಹಳ್ಳದ ಆಚೆ ಬದಿಯಲ್ಲಿ, ಪೊದೆಯ ಹಿಂದೆ, ನಡುವೆ ಒಂದೇ ದುರ್ಬೀನು. ರೆಕ್ಕೆಯ ಸದ್ದು ಮೊದಲು ಬಂತು, ಹಳೇ ಕಲ್ಲಿದ್ದಲು ರೈಲಿನ ಹಾಗೆ. ಅವನು ನೇರ ಬಂದು ತೊಗಟೆಗೆ ಅಂಟಿ ಕೂತ. ಗಂಟಲಿನಿಂದ ಬಸರಿ ಹಣ್ಣುಗಳನ್ನು ಒಂದೊಂದಾಗಿ ಮೇಲೆ ತಂದು, ಕೊಕ್ಕಿನ ತುದಿಯಲ್ಲಿ ಹಿಡಿದು, ಬಿರುಕಿನೊಳಗೆ ಕೊಟ್ಟ. ನೀನು ಪಿಸುಮಾತಿನಲ್ಲಿ ಎಣಿಸುತ್ತಿದ್ದೆ. ಮೂವತ್ತೊಂದು.

ಅದರ ಒಂದು ಫೋಟೊವೂ ನನ್ನ ಹತ್ತಿರ ಇಲ್ಲ. ಫೋಲ್ಡರಿನಲ್ಲಿ ಇರುವುದು ಎರಡು ವಾರದ ನಂತರದ ಭಾನುವಾರದ್ದು. ಆ ದಿನ ನೀನು ಬಂದಿರಲಿಲ್ಲ. ಎಂಟು ಟ್ರೈಪಾಡ್ ಇದ್ದವು. ಹಳ್ಳದ ಈಚೆಗೆ, ಮರದಿಂದ ಮೂವತ್ತು ಹೆಜ್ಜೆ. ಮುಂದಿನ ಸಾಲಿನಲ್ಲಿ ನಾನು.

ಒಟ್ಟು 214 ಫೋಟೊ. ಮೊದಲನೆಯದು ಬೆಳಿಗ್ಗೆ 7.12ಕ್ಕೆ. ದಫೇದಾರ ಎದುರಿನ ಮರದ ಕೊಂಬೆಯಲ್ಲಿ ಕೂತಿದ್ದಾನೆ, ಗಂಟಲು ಉಬ್ಬಿದೆ. 7.50ಕ್ಕೂ ಅಲ್ಲೇ. ಎಂಟೂವರೆ ಹೊತ್ತಿಗೆ ಇಲ್ಲ. 8.50ಕ್ಕೆ ಮತ್ತೆ ಅದೇ ಕೊಂಬೆ. ಕೊನೆಯದು 10.40ಕ್ಕೆ, ನಾವು ಅವಲಕ್ಕಿ ತಿನ್ನಲು ಹೊರಡುವ ಮೊದಲು. ಮತ್ತೆ ಅದೇ ಕೊಂಬೆ, ಅದೇ ಉಬ್ಬಿದ ಗಂಟಲು. ಎಲ್ಲವನ್ನೂ ಎರಡೆರಡು ಸಲ ನೋಡಿದೆ ಮಾಣಿ. ಒಂದರಲ್ಲೂ ಅವನು ಗೂಡಿನ ಹತ್ತಿರ ಇಲ್ಲ.

ಆವತ್ತು ನಾವು ಏನು ಮಾತಾಡಿಕೊಂಡೆವು ಗೊತ್ತಾ? ‘ಎಷ್ಟು ಚೆನ್ನಾಗಿ ಪೋಸ್ ಕೊಟ್ಟ!’

ಅವನು ನಾವು ತೊಲಗಲಿ ಅಂತ ಕಾಯುತ್ತಿದ್ದ.

ಒಳಗೆ ಅವಳು ಇದ್ದಳು. ನಿನಗೆ ಇದನ್ನು ಹೇಳಿಕೊಡಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚುತ್ತದೆ. ಕೊಕ್ಕು ತೂರುವಷ್ಟು ಬಿರುಕು ಮಾತ್ರ ಉಳಿಯುತ್ತದೆ. ಆಮೇಲೆ ಹಾರುವ ಗರಿಗಳನ್ನೇ ಉದುರಿಸಿಕೊಳ್ಳುತ್ತದೆ. ಮೊಟ್ಟೆಗೆ ಕಾವು ಕೊಡುವುದೇ ಐದಾರು ವಾರ. ಮರಿ ಒಂದಿಷ್ಟು ದೊಡ್ಡದಾಗುವ ತನಕ ಅವಳ ಅನ್ನ ನೀರು ಎಲ್ಲ ಆ ಬಿರುಕಿನಲ್ಲೇ ಬರಬೇಕು. ಅವನು ತರಬೇಕು. ಅವನಿಗೆ ಹೆದರಿಕೆಯಾದರೆ ಇಲ್ಲ.

ಗಂಡು ಗಂಟೆಗಟ್ಟಲೆ ಬಾರದೆ ಇರುವುದು ಮಾಮೂಲು, ಒಂದು ಬೆಳಿಗ್ಗೆ ತಪ್ಪಿದರೆ ಯಾರೂ ಸಾಯುವುದಿಲ್ಲ ಅಂತ ನನ್ನೊಳಗಿನ ವಕೀಲ ಆಗಲೇ ವಾದ ಶುರು ಮಾಡಿದ್ದಾನೆ. ಇರಬಹುದು. ಆದರೆ ಆ ಭಾನುವಾರ ಒಂದೇ ಅಲ್ಲವಲ್ಲ. ಮುಂದಿನ ಭಾನುವಾರ ಹದಿನಾಲ್ಕು ಟ್ರೈಪಾಡ್ ಇದ್ದವಂತೆ. ಮಂಗಟ್ಟೆ ಹೊಂದಿಕೊಂಡರೆ ವರ್ಷ ವರ್ಷ ಅದೇ ಪೊಟರೆಗೆ ಬರುತ್ತದೆ. ತಾನೇ ತೂತು ಕೊರೆಯಲು ಬಾರದ ಹಕ್ಕಿ, ಅಷ್ಟು ದೊಡ್ಡ ಪೊಟರೆ ಇರುವ ಹಳೇ ಮರ ಎಲ್ಲಿ ಸಿಗಬೇಕು? ಮುಂದಿನ ವರ್ಷ ಆ ತಾರೆ ಮರಕ್ಕೆ ಯಾರೂ ಬರಲಿಲ್ಲ. ಅದರ ಮುಂದಿನ ವರ್ಷವೂ. ಮರ ಇದೆ. ಪೊಟರೆ ಇದೆ. ಕೆಳಗೆ ಅವರು ಉದುರಿಸಿದ ಬೀಜಗಳಿಂದ ಎದ್ದ ಸಸಿಗಳು ಮೊಣಕಾಲೆತ್ತರ ಆಗಿವೆ.

10.40ರ ಫೋಟೊ ನಮ್ಮ ಹಾಲಿನಲ್ಲಿದೆ, ಎರಡಡಿ ಫ್ರೇಮಿನಲ್ಲಿ. ಕೆಂಪು ಕಣ್ಣು ನೇರ ಲೆನ್ಸ್ ಕಡೆ. ಮೂರು ಶಾಲೆಗಳಲ್ಲಿ ಅದನ್ನು ಪರದೆ ಮೇಲೆ ತೋರಿಸಿ, ‘ನೋಡಿ ಮಕ್ಕಳೇ, ಎಷ್ಟು ನಂಬಿಕೆಯಿಂದ ನೋಡ್ತಿದೆ’ ಅಂದಿದ್ದೇನೆ. ದಾಂಡೇಲಿಯ ಹಾರ್ನ್‌ಬಿಲ್ ಸಂರಕ್ಷಿತ ಪ್ರದೇಶ 2011ರಲ್ಲಿ ಆಯಿತು, ನಾಲ್ಕು ಜಾತಿಯ ಮಂಗಟ್ಟೆ ಇಲ್ಲಿವೆ, ನಾವೆಲ್ಲ ಸೇರಿ ಉಳಿಸಬೇಕು. ಚಪ್ಪಾಳೆ. ಒಂದು ಶಾಲು, ಒಂದು ತೆಂಗಿನಕಾಯಿ.

ಇಲ್ಲಿಗೆ ನಿಲ್ಲಿಸಬೇಕು ಅಂತಲೇ ಇದ್ದೆ. ನಿಜವಾಗಿ. ‘ನಾವು ಫೋಟೊಗ್ರಾಫರುಗಳು ಎಚ್ಚೆತ್ತುಕೊಳ್ಳಬೇಕು’ ಅಂತ ಒಂದು ಸಾಲು ಬರೆದು, ಕೈಮುಗಿದು, ಮುಗಿಸುವ ಅಂದಾಜಿತ್ತು. ಆ ಸಾಲು ಬರೆದು ಅಳಿಸಿದೆ.

ಆ ಎಂಟು ಜನಕ್ಕೆ ಜಾಗ ಹೇಗೆ ಗೊತ್ತಾಯಿತು ಅಂತ ಗ್ರೂಪಿನಲ್ಲಿ ಆಮೇಲೆ ದೊಡ್ಡ ಜಗಳವಾಯಿತಲ್ಲ. ಗೊತ್ತಿದ್ದವರು ಇಬ್ಬರೇ. ಎಲ್ಲರೂ ನಿನ್ನ ಕಡೆ ಬೆರಳು ತೋರಿಸಿದರು. ಯಾಕೆಂದರೆ ನಾನು ಶಾಲೆಗಳಲ್ಲಿ ಭಾಷಣ ಮಾಡುವವನು, ನೀನು ಏನೂ ಮಾತಾಡದವನು. ನಾನು ಆ ರಾತ್ರಿ ಏನು ಟೈಪ್ ಮಾಡಿದೆ ಅಂತ ಹುಡುಕಿ ನೋಡಿದೆ. ‘ಯಾರೇ ಮಾಡಿರಲಿ, ತಪ್ಪು ತಪ್ಪೇ.’ ಕೆಳಗೆ ಕೈಮುಗಿದ ಚಿತ್ರ.

ಲೊಕೇಶನ್ ಕಳಿಸಿದ್ದು ನಾನು ಕಣೋ. ಒಬ್ಬನಿಗೇ ಕಳಿಸಿದ್ದು. ಅವನು ಅದೇ ದಿನ ಕಾಕರಣೆಯ ಎದೆಯ ಫೋಟೊ ಹಾಕಿದ್ದ, ಎಲ್ಲರೂ ವಾಹ್ ಅಂದಿದ್ದರು, ನನಗೆ ತಡೆಯಲಾಗಲಿಲ್ಲ. ‘ಯಾರಿಗೂ ಹೇಳಬೇಡ’ ಅಂತ ಬೇರೆ ಬರೆದಿದ್ದೆ. ನೀನು ಮರುದಿನ ಒಂದು ಮಾತೂ ಹೇಳದೆ ಗ್ರೂಪು ಬಿಟ್ಟೆ. ನಿನಗೆ ಮೊದಲೇ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೇ ಆಮೇಲೆ ಫೋನಿನಲ್ಲಿ ಬರೀ ಇಡ್ಲಿ, ಮಳೆ, ಬ್ಯಾಂಕು ಅಂತ ಮಾತಾಡಿಕೊಂಡು ಬಂದೆವು, ಅಲ್ವಾ?

ಈ ವರ್ಷ ಅರುಣಾಚಲದ ಪಕ್ಕೆ ಹುಲಿ ಸಂರಕ್ಷಿತಾರಣ್ಯದ ಕಡೆ ಒಂದು ಮಂಗಟ್ಟೆ ಗೂಡು ದತ್ತು ತೆಗೆದುಕೊಂಡಿದ್ದೇನೆ. ಅಲ್ಲಿನ ನಿಶಿ ಜನ ಮೊದಲು ಇದರ ಕೊಕ್ಕನ್ನು ತಲೆಯ ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಈಗ ಫೈಬರ್ ಕೊಕ್ಕು ಬಂದಿದೆ, ಹಿಂದೆ ಬೇಟೆಯಾಡುತ್ತಿದ್ದವರಲ್ಲೇ ಕೆಲವರು ಗೂಡು ಕಾಯುತ್ತಾರೆ. ನಾವು ದುಡ್ಡು ಕಳಿಸಿದರೆ ಅವರ ಸಂಬಳಕ್ಕೆ ಹೋಗುತ್ತದೆ, ಗೂಡಿನ ವರದಿ ನಮಗೆ ಬರುತ್ತದೆ. ಬೇಟೆಗಾರ ಗೂಡು ಕಾಯುತ್ತಿದ್ದಾನೆ, ಶಾಲು ಹೊದ್ದವನು ದಂಡ ಕಟ್ಟುತ್ತಿದ್ದಾನೆ. ರಸೀದಿ ಮೇಲೆ ದಂಡ ಅಂತ ಬರೆದಿಲ್ಲ, ಅಷ್ಟೇ.

ಸಾಕು. ಜಾಸ್ತಿಯಾಯಿತು. ಹಾಲಿನ ಫೋಟೊವನ್ನು ಮೊನ್ನೆ ಗೋಡೆಗೆ ಮುಖ ಮಾಡಿ ಇಟ್ಟೆ. ಏನ್ರೀ ಇದು ಅಂತ ಇವಳು ಕೇಳಿದಳು. ಗೋಡೆಗೆ ತೇವ ಬಂದಿದೆ ಅಂದೆ. ‘ಹಾಗಾದರೆ ಫೋಟೊ ಕೆಳಗಿಳಿಸಬೇಕಲ್ವಾ, ತಿರುಗಿಸಿದರೆ ಒಣಗತ್ತಾ?’ ಅಂದಳು. ಇಂಥ ಪ್ರಶ್ನೆಗೆ ನೀನಿದ್ದರೆ ಉತ್ತರ ಕೊಡುತ್ತಿದ್ದೆ.

ಫೆಬ್ರವರಿಯಲ್ಲಿ ಬಾ. ಇನ್ನೊಂದು ಮರ ನೋಡಿಟ್ಟಿದ್ದೇನೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ನಿನಗೂ ಫೋನಿನಲ್ಲಿ ಹೇಳುವುದಿಲ್ಲ. ಹಳ್ಳದ ಆಚೆ ಬದಿ, ಒಂದೇ ದುರ್ಬೀನು, ಎಣಿಸುವ ಕೆಲಸ ನಿನ್ನದು. ಇಡ್ಲಿ ನಾನು ತರುತ್ತೇನೆ. ಎರಡೇ.

ನಿನ್ನ,
ಭಾಷಣದವನು